ಮನೆಬಾಗಿಲಿನ ಆರೋಗ್ಯ ಸೇವೆಗೆ ಯಾವ ಓದು? ನರ್ಸಿಂಗ್, ಸಮಾಜಕಾರ್ಯ, ಆರೋಗ್ಯ ನಿರೀಕ್ಷಣೆ, ಎಂ.ಪಿ.ಎಚ್.: ಒಂದು ಹೋಲಿಕೆ

ಕ್ಷಯರೋಗಕ್ಕೆ ಆರು ತಿಂಗಳ ಮಾತ್ರೆ ಆರಂಭಿಸಿದ ಒಬ್ಬ ಗಾರೆ ಕೆಲಸದವನು ಎರಡನೆಯ ತಿಂಗಳ ಕೊನೆಗೆ ಮಾತ್ರೆ ನುಂಗುವುದನ್ನು ಬಿಟ್ಟಿದ್ದಾನೆ ಎಂದುಕೊಳ್ಳೋಣ. ಕೆಮ್ಮು ಇಳಿದಿದೆ, ಜ್ವರ ಬಿಟ್ಟಿದೆ, ಕೆಲಸಕ್ಕೂ ಹೋಗುತ್ತಿದ್ದಾನೆ. ನರ್ಸಿಂಗ್ ಓದಿದವರು ಅವನ ಮನೆಗೆ ಹೋದರೆ ಮೊದಲು ತೂಕ ನೋಡುತ್ತಾರೆ, ಮಾತ್ರೆ ನುಂಗಿದ ಮೇಲೆ ಹೊಟ್ಟೆ ತೊಳಸುತ್ತಿತ್ತೇ ಎಂದು ವಿಚಾರಿಸುತ್ತಾರೆ, ಮೂತ್ರ ಕೆಂಬಣ್ಣಕ್ಕೆ ತಿರುಗಿದ್ದು ರಿಫಾಂಪಿಸಿನ್ ಎಂಬ ಔಷಧದಿಂದಲೇ ಹೊರತು ರಕ್ತದಿಂದಲ್ಲ ಎಂದು ತಿಳಿಸಿ ಹೇಳುತ್ತಾರೆ. ಸಮಾಜಕಾರ್ಯ ಓದಿದವರು ಹೋದರೆ ಮನೆಯಲ್ಲಿ ಮಗಳ ಮದುವೆಯ ಮಾತುಕತೆ ನಡೆಯುತ್ತಿದೆಯೆಂಬುದನ್ನೂ, ಮಾತ್ರೆಯ ಪಟ್ಟಿ ಬೀಗರ ಕಣ್ಣಿಗೆ ಬೀಳದಿರಲಿ ಎಂದು ಅಟ್ಟದ ಮೇಲೆ ಸೇರಿರುವುದನ್ನೂ ಅರ್ಧ ಗಂಟೆಯ ಮಾತಿನಲ್ಲಿ ಪತ್ತೆ ಮಾಡುತ್ತಾರೆ. ಆರೋಗ್ಯ ನಿರೀಕ್ಷಣಾಧಿಕಾರಿ ಹೋದರೆ ಒಂದೇ ಕೋಣೆಯಲ್ಲಿ ಎಷ್ಟು ಮಂದಿ ಮಲಗುತ್ತಾರೆ, ಐದು ವರ್ಷದೊಳಗಿನ ಮಗು ಇದೆಯೇ, ಕಿಟಕಿ ತೆರೆಯುತ್ತದೆಯೇ ಎಂದು ನೋಡುತ್ತಾರೆ. ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ, ಅಂದರೆ ಎಂ.ಪಿ.ಎಚ್., ಪಡೆದವರು ಆ ಮನೆಗೆ ಹೋಗದೆಯೂ ಇರಬಹುದು. ಅದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ ಅದೇ ತಿಂಗಳು ಇನ್ನೂ ಐದಾರು ಮಂದಿ ಮಾತ್ರೆ ಬಿಟ್ಟಿದ್ದಾರೆಂಬುದನ್ನು ದಾಖಲೆಯಲ್ಲಿ ಗುರುತಿಸಿ, ಔಷಧದ ದಾಸ್ತಾನು ಯಾವಾಗ ಬಂತು ಎಂದು ಪ್ರಶ್ನಿಸುತ್ತಾರೆ.

ಇವರಲ್ಲಿ ಯಾರ ಪ್ರಶ್ನೆಯೂ ತಪ್ಪಲ್ಲ. ಆದರೆ ಎಲ್ಲ ಪ್ರಶ್ನೆಗಳನ್ನೂ ಒಬ್ಬರೇ ಕೇಳುವುದು ಅಪರೂಪ, ಏಕೆಂದರೆ ನಾವು ಓದಿದ್ದು ಮನೆಯೊಳಗೆ ಕಾಲಿಟ್ಟ ಕೂಡಲೇ ನಮ್ಮ ಬಾಯಿಂದ ಬರುವ ಮೊದಲ ಪ್ರಶ್ನೆಯನ್ನು ನಿರ್ಧರಿಸಿಬಿಡುತ್ತದೆ. ಆಸ್ಪತ್ರೆಯ ಒಳಗಲ್ಲದೆ ಜನರಿರುವಲ್ಲಿಗೇ ಹೋಗಿ ಆರೋಗ್ಯದ ಕೆಲಸ ಮಾಡಬೇಕೆಂದುಕೊಂಡ, ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಅಥವಾ ಪದವಿ ಮುಗಿಸಿ ಮುಂದೇನೆಂದು ಯೋಚಿಸುತ್ತಿರುವ ಕರ್ನಾಟಕದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಹೋಲಿಕೆಯನ್ನು ಬರೆದಿದ್ದೇನೆ. ಯಾವ ಕೋರ್ಸಿಗೆ ಯಾವ ಕೆಲಸ ಸಿಗುತ್ತದೆ ಎಂಬುದನ್ನು ಹೇಳುವುದರ ಜೊತೆಗೆ, ಯಾವ ಓದು ಯಾವುದನ್ನು ಕಾಣಿಸುತ್ತದೆ, ಯಾವುದನ್ನು ಕಾಣಗೊಡುವುದಿಲ್ಲ ಎಂಬುದನ್ನೂ ಹೇಳುವುದು ಇದರ ಉದ್ದೇಶ.

ಕೆಲಸದ ಜಾಗಗಳ ಲೆಕ್ಕವನ್ನು ಮೊದಲು ತಿಳಿದಿರಬೇಕು. ಬಯಲುಸೀಮೆಯಲ್ಲಿ ಸುಮಾರು 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂಬುದು ನಿಯಮ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಈ ಸಂಖ್ಯೆ 20,000 ಮತ್ತು 3,000ಕ್ಕೆ ಇಳಿಯುತ್ತದೆ. ಸುಮಾರು 1,000 ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಇರುತ್ತಾರೆ. ಉಪಕೇಂದ್ರದಲ್ಲಿ, ಹಿಂದೆ ಕಿರಿಯ ಆರೋಗ್ಯ ಸಹಾಯಕಿ ಎನಿಸಿಕೊಂಡು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಉದ್ದನೆಯ ಹೆಸರು ಪಡೆದಿರುವ, ಜನರ ಬಾಯಲ್ಲಿ ಮಾತ್ರ ಇಂದಿಗೂ ‘ಸಿಸ್ಟರ್’ ಆಗಿಯೇ ಉಳಿದಿರುವ ಎ.ಎನ್.ಎಂ. (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಇರುತ್ತಾರೆ. 2018ರಲ್ಲಿ ಆಯುಷ್ಮಾನ್ ಭಾರತ ಯೋಜನೆ ಬಂದ ಮೇಲೆ ಮೇಲ್ದರ್ಜೆಗೇರಿದ ಉಪಕೇಂದ್ರಗಳಲ್ಲಿ ಇವರ ಜೊತೆಗೆ ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿ.ಎಚ್.ಒ., ಸೇರಿಕೊಂಡರು. ಇವರ ಮೇಲೆ, ಪಕ್ಕದಲ್ಲಿ, ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಉಳಿದವರೆಲ್ಲ ಬರುತ್ತಾರೆ.

ನರ್ಸಿಂಗ್‌ನ ಮೂರು ಬಾಗಿಲುಗಳು

ಮನೆಮನೆಯ ಆರೋಗ್ಯ ಸೇವೆಯಲ್ಲಿ ಅತ್ಯಂತ ಗಟ್ಟಿಯಾದ ನೆಲೆಯುಳ್ಳ ಓದು ನರ್ಸಿಂಗ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇದಕ್ಕೆ ಕಾರಣ ಕೇವಲ ಕೌಶಲವಲ್ಲ, ಕಾನೂನು ಕೂಡ. ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿತರಾದವರಿಗೆ ಇನ್ನೊಬ್ಬರ ಮೈ ಮುಟ್ಟಿ ಚುಚ್ಚುಮದ್ದು ಕೊಡುವ, ಹೆರಿಗೆ ಮಾಡಿಸುವ ಅಧಿಕಾರವಿದೆ. ಎಷ್ಟೇ ಅನುಭವವಿದ್ದರೂ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂ.ಎಸ್.ಡಬ್ಲ್ಯು. ಓದಿದವರಿಗೆ ಅದಿಲ್ಲ. ಊರಿನಲ್ಲಿ ವಿಶ್ವಾಸ ಗಳಿಸುವುದಕ್ಕೆ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಮಗುವಿಗೆ ಸೂಜಿ ಚುಚ್ಚಿದ ಕೈ, ರಾತ್ರಿ ಹೆರಿಗೆಗೆ ಜೊತೆ ಬಂದ ಕೈ ಮುಂದೊಂದು ದಿನ ರಕ್ತದೊತ್ತಡದ ಮಾತ್ರೆ ನಿಲ್ಲಿಸಬೇಡಿ ಎಂದರೆ ಆ ಮಾತಿಗೆ ತೂಕವಿರುತ್ತದೆ.

ಎ.ಎನ್.ಎಂ. ಎರಡು ವರ್ಷದ ಕೋರ್ಸು; ಪಿ.ಯು.ಸಿ.ಯಲ್ಲಿ ಯಾವ ವಿಭಾಗ ಓದಿದ್ದರೂ ಸೇರಬಹುದು. ಜಿ.ಎನ್.ಎಂ. (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಮೂರು ವರ್ಷದ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿಯಾಗಿದ್ದು, ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಹೊರಗಿನಿಂದ ನೋಡಿದವರಿಗೆ ಇವು ಒಂದೇ ಏಣಿಯ ಮೂರು ಮೆಟ್ಟಿಲುಗಳಂತೆ ಕಾಣುತ್ತವೆ. ವಾಸ್ತವದಲ್ಲಿ ಅವು ಬೇರೆ ಬೇರೆ ಕಡೆಗೆ ತೆರೆಯುವ ಬಾಗಿಲುಗಳು. ಎ.ಎನ್.ಎಂ. ಪಠ್ಯದ ತಿರುಳೇ ಹಳ್ಳಿ: ಬಸಿರು, ಬಾಣಂತನ, ಲಸಿಕೆ, ಕುಟುಂಬ ಯೋಜನೆ, ತಾಯಿ ಕಾರ್ಡಿನ ದಾಖಲೆ. ಜಿ.ಎನ್.ಎಂ. ಓದಿದವರ ತರಬೇತಿಯ ಹೆಚ್ಚಿನ ಭಾಗ ಆಸ್ಪತ್ರೆಯ ವಾರ್ಡುಗಳಲ್ಲಿ ನಡೆಯುವುದರಿಂದ ಅವರ ನಡಿಗೆ ಸಹಜವಾಗಿಯೇ ಆಸ್ಪತ್ರೆಯ ಕಡೆಗಿರುತ್ತದೆ. ಮೂರು ವರ್ಷ ಓದಿದ್ದೇವೆ, ಎರಡು ವರ್ಷದವರ ಕೆಲಸಕ್ಕೆ ಏಕೆ ಹೋಗಬೇಕು ಎನ್ನುವವರನ್ನು ಬಹಳ ನೋಡಿದ್ದೇನೆ. ಕ್ಷೇತ್ರದ ಕೆಲಸವೇ ಬೇಕೆಂದಿರುವವರಿಗೆ ಈ ಪ್ರಶ್ನೆಯೇ ಅಪ್ರಸ್ತುತ. ಬಿ.ಎಸ್ಸಿ. ನರ್ಸಿಂಗ್‌ನ ಸ್ಥಾನವನ್ನು ಬದಲಾಯಿಸಿದ್ದು ಸಿ.ಎಚ್.ಒ. ಹುದ್ದೆ. ಹಿಂದೆ ನರ್ಸಿಂಗ್ ಮುಗಿಸಿದವರು ಸಮುದಾಯ ಆರೋಗ್ಯದ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು ಮಾಡಿಕೊಂಡು ಈ ಹುದ್ದೆಗೆ ಬರಬೇಕಿತ್ತು. ಆ ಪಠ್ಯವನ್ನು ಈಗ ಪದವಿಯೊಳಗೇ ಸೇರಿಸಲಾಗಿದೆ. ಮಧುಮೇಹ, ರಕ್ತದೊತ್ತಡದ ತಪಾಸಣೆ ಮಾಡುವುದು, ವೈದ್ಯರು ಆರಂಭಿಸಿದ ಔಷಧವನ್ನು ತಿಂಗಳು ತಿಂಗಳು ಮುಂದುವರಿಸಿ ಕೊಡುವುದು, ಅಗತ್ಯ ಬಿದ್ದಾಗ ಇ-ಸಂಜೀವಿನಿಯ ಮೂಲಕ ದೂರದ ವೈದ್ಯರನ್ನು ಮಾತಾಡಿಸುವುದು ಇವರ ದಿನಚರಿ.

ಈ ಎರಡು ಹುದ್ದೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಎರಡು ವರ್ಷ ಓದಿದ ಸಿಸ್ಟರ್ ಕಾಯಂ ನೌಕರಿಯಲ್ಲಿರಬಹುದು. ನಾಲ್ಕು ವರ್ಷ ಓದಿ ಅದೇ ಕಟ್ಟಡದಲ್ಲಿ ಕೂರುವ ಸಿ.ಎಚ್.ಒ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಗುತ್ತಿಗೆಯ ಮೇಲೆ ದುಡಿಯುತ್ತಾರೆ, ಸಂಬಳದ ಒಂದು ಭಾಗ ಕೆಲಸದ ಗುರಿಗಳಿಗೆ ಅಂಟಿಕೊಂಡಿರುತ್ತದೆ. ಹಿರಿತನ ಒಬ್ಬರದು, ಪದವಿ ಇನ್ನೊಬ್ಬರದು. ಇಬ್ಬರ ನಡುವೆ ಹೊಂದಾಣಿಕೆಯಿರುವ ಕಡೆ ಉಪಕೇಂದ್ರ ಚೆನ್ನಾಗಿ ನಡೆಯುತ್ತದೆ. ಇಲ್ಲದ ಕಡೆ ಬಿ.ಪಿ. ನೋಡುವ ಉಪಕರಣದ ಕೀಲಿ ಯಾರ ಬಳಿ ಇರಬೇಕೆಂಬುದೇ ಜಗಳವಾಗುತ್ತದೆ. ಕೋರ್ಸು ಆರಿಸುವಾಗ ಇದನ್ನು ಯಾವ ಕಾಲೇಜಿನ ಕೈಪಿಡಿಯೂ ಹೇಳುವುದಿಲ್ಲ.

ನರ್ಸಿಂಗ್ ಓದಿನ ಕೊರತೆಯೂ ಅದರ ಶಕ್ತಿಯಿದ್ದಲ್ಲೇ ಇದೆ. ಸರಿಯಾದ ಮಾಹಿತಿ ಕೊಟ್ಟರೆ ಜನ ಒಪ್ಪುತ್ತಾರೆ, ಒಪ್ಪದಿದ್ದರೆ ಮಾಹಿತಿ ಸಾಲದು ಎಂಬುದು ಆ ಓದು ಕಲಿಸುವ ನಂಬಿಕೆ. 2017ರ ಫೆಬ್ರುವರಿಯಲ್ಲಿ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ದೇಶದಲ್ಲಿ ಮೊದಲು ಆರಂಭವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದಡಾರದ ಲಸಿಕೆ ಹೊಸದಲ್ಲ, ಹಾಕುವ ಕೈಗಳು ಪಳಗಿದವು. ಆದರೂ ವಾಟ್ಸ್ಆ್ಯಪ್‌ನಲ್ಲಿ ಹರಿದ ವದಂತಿಗಳಿಂದ ಹಲವು ಶಾಲೆಗಳ ಮುಂದೆ ಪೋಷಕರು ಆತಂಕದಿಂದ ನಿಂತರು. ಅಂಥ ಹೊತ್ತಿನಲ್ಲಿ ಲಸಿಕೆಯ ರಾಸಾಯನಿಕ ಗುಣಗಳನ್ನು ವಿವರಿಸುವವರಿಗಿಂತ, ಆ ಪೋಷಕರು ಯಾರ ಮಾತನ್ನು ನಂಬುತ್ತಾರೆ, ಶಾಲೆಯ ಮೇಷ್ಟ್ರನ್ನೋ ಮಸೀದಿಯ ಮೌಲ್ವಿಯನ್ನೋ ಪಂಚಾಯಿತಿಯ ಹಿರಿಯರನ್ನೋ ಎಂದು ತಿಳಿದವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಸಮಾಜಕಾರ್ಯ: ಸಮಯವೇ ಸಾಧನ

ಯಾವುದೇ ಪದವಿಯ ಮೇಲೆ ಎರಡು ವರ್ಷ ಓದಬಹುದಾದ ಎಂ.ಎಸ್.ಡಬ್ಲ್ಯು. ರಾಜ್ಯದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿದೆ. ಮಂಗಳೂರಿನ ರೋಶನಿ ನಿಲಯ 1960ರಿಂದಲೂ ಈ ವಿಷಯವನ್ನು ಕಲಿಸುತ್ತಿದೆ. ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯವನ್ನು ವಿಶೇಷ ವಿಷಯವಾಗಿ ಆರಿಸಿಕೊಂಡವರು ಆರೋಗ್ಯ ಕ್ಷೇತ್ರಕ್ಕೆ ಬರುತ್ತಾರೆ. ಎಚ್.ಐ.ವಿ. ಪರೀಕ್ಷಾ ಕೇಂದ್ರಗಳ ಆಪ್ತಸಮಾಲೋಚಕರು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಸ್ವಯಂಸೇವಾ ಸಂಸ್ಥೆಗಳ ಕ್ಷೇತ್ರ ಸಂಯೋಜಕರು ಬಹುಮಟ್ಟಿಗೆ ಈ ಹಿನ್ನೆಲೆಯವರು.

ಈ ಓದಿನ ಬೆಲೆ ತಿಳಿಯಬೇಕಾದರೆ ಬೆಂಗಳೂರಿನಲ್ಲೇ ನಡೆದ ಒಂದು ಹಳೆಯ ಕೆಲಸವನ್ನು ನೆನೆಯಬೇಕು. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾದಾಗ ಅಲ್ಲಿ ವೈದ್ಯರ ಜೊತೆ ಸಮಾಜವಿಜ್ಞಾನಿಗಳೂ ಸಂಖ್ಯಾಶಾಸ್ತ್ರಜ್ಞರೂ ಒಂದೇ ತಂಡದಲ್ಲಿದ್ದರು. ವೈದ್ಯಕೀಯದ ಜೊತೆ ಮಾನವಶಾಸ್ತ್ರದಲ್ಲೂ ಪರಿಶ್ರಮವಿದ್ದ ದೇವಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಆಗಿನ ಒಂದು ದೊಡ್ಡ ನಂಬಿಕೆಯನ್ನೇ ಅಲುಗಾಡಿಸಿತು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅವರನ್ನು ಎಚ್ಚರಿಸಬೇಕು ಎಂಬುದು ಆ ನಂಬಿಕೆ. ಮಾತಾಡಿಸಿ ನೋಡಿದರೆ ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆಗಲೇ ಹತ್ತಿರದ ಆಸ್ಪತ್ರೆಯ ಬಾಗಿಲು ಬಡಿದಿದ್ದರು. ಅಲ್ಲಿ ಕಫ ಪರೀಕ್ಷೆ ನಡೆಯದೆ ಕೆಮ್ಮಿನ ಔಷಧದ ಸೀಸೆ ಹಿಡಿದು ಹಿಂದಿರುಗಿದ್ದರು ಎಂಬುದೇ ಸಮಸ್ಯೆ. ಕೆಮ್ಮೆಂದು ತಾವಾಗಿಯೇ ಆಸ್ಪತ್ರೆಗೆ ಬಂದವರ ಕಫವನ್ನು ಅಲ್ಲೇ ಪರೀಕ್ಷಿಸುವ ರಾಷ್ಟ್ರೀಯ ಕಾರ್ಯಕ್ರಮದ ವಿಧಾನಕ್ಕೆ ಇಂಥ ಅಧ್ಯಯನಗಳು ಬಲ ಕೊಟ್ಟವು. ಕ್ಷ-ಕಿರಣದ ಚಿತ್ರ ಶ್ವಾಸಕೋಶವನ್ನು ತೋರಿಸೀತು. ಆ ಮನುಷ್ಯ ಎರಡು ತಿಂಗಳ ಹಿಂದೆ ಯಾವ ಆಸ್ಪತ್ರೆಗೆ ಹೋಗಿ ಏನು ಕೇಳಿಸಿಕೊಂಡು ಬಂದ ಎಂಬುದನ್ನು ತೋರಿಸದು.

ಕೇಳಿಸಿಕೊಳ್ಳುವುದಕ್ಕೆ ಸಮಯ ಬೇಕು. ಉಪಕೇಂದ್ರದ ಸಿಸ್ಟರ್‌ಗೆ ಲಸಿಕೆಯ ಪಟ್ಟಿ, ಬಸುರಿಯರ ಪಟ್ಟಿ, ಆನ್‌ಲೈನ್ ದಾಖಲೆ ಇವುಗಳ ನಡುವೆ ಆ ಸಮಯ ಸಿಗುವುದಿಲ್ಲ. ಸಮಾಜಕಾರ್ಯ ಓದಿದವರಿಗೆ ಅದೇ ವೃತ್ತಿ. ಮಾನಸಿಕ ಕಾಯಿಲೆ, ಎಚ್.ಐ.ವಿ., ಕುಡಿತ, ಹದಿಹರೆಯದವರ ಸಮಸ್ಯೆಗಳು, ಹೀಗೆ ಯಾವ ಕಾಯಿಲೆಯಲ್ಲಿ ನಾಚಿಕೆ ಮತ್ತು ಗುಟ್ಟು ದೊಡ್ಡ ಪಾತ್ರ ವಹಿಸುತ್ತವೆಯೋ ಅಲ್ಲಿ ಈ ಹಿನ್ನೆಲೆಯವರೇ ಬೇಕು. ನಿಮ್ಹಾನ್ಸ್ ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ದೇಶಕ್ಕೆ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಪಕ್ಕದಲ್ಲಿ ಸಮಾಜಕಾರ್ಯಕರ್ತರಿಗೂ ಜಾಗವಿರುವುದು ಈ ಕಾರಣಕ್ಕೆ.

ತೊಡಕುಗಳನ್ನು ಮುಚ್ಚಿಡಬಾರದು. ಎಂ.ಎಸ್.ಡಬ್ಲ್ಯು. ಕೋರ್ಸಿನ ಗುಣಮಟ್ಟ ಕಾಲೇಜಿನಿಂದ ಕಾಲೇಜಿಗೆ ವಿಪರೀತ ಬದಲಾಗುತ್ತದೆ. ವಾರಕ್ಕೆರಡು ದಿನದ ಕ್ಷೇತ್ರಕಾರ್ಯ ಎಂದು ವೇಳಾಪಟ್ಟಿಯಲ್ಲಿ ಬರೆದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಮುಗಿಸುವ ಕಡೆ ಓದಿದವರು ನೆಟ್ಟಗೆ ಒಂದು ಮನೆಯ ಕದ ತಟ್ಟಿರುವುದಿಲ್ಲ. ಹುದ್ದೆಗಳೂ ಬಹುಪಾಲು ಗುತ್ತಿಗೆಯವು ಅಥವಾ ಸಂಸ್ಥೆಯೊಂದಕ್ಕೆ ಬಂದ ಯೋಜನೆಯ ಹಣ ಇರುವವರೆಗಿನವು. ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ 2021ರಲ್ಲಿ ಬಂದ ರಾಷ್ಟ್ರೀಯ ಕಾನೂನು ವೈದ್ಯಕೀಯ ಸಮಾಜಕಾರ್ಯಕರ್ತರನ್ನೂ ಆಪ್ತಸಮಾಲೋಚಕರನ್ನೂ ತನ್ನ ಪಟ್ಟಿಯೊಳಗೆ ತಂದಿದೆ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹುದ್ದೆ ಬರುವುದಿಲ್ಲ.

ನರ್ಸಿಂಗೋ ಸಮಾಜಕಾರ್ಯವೋ ಎಂದು ತೂಗುವವರಿಗೆ ನಾನು ಹೇಳುವುದಿಷ್ಟು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದ್ದು, ನಾಲ್ಕು ವರ್ಷದ ಖರ್ಚನ್ನು ಮನೆಯವರು ತಡೆದುಕೊಳ್ಳುವಂತಿದ್ದರೆ ಬಿ.ಎಸ್ಸಿ. ನರ್ಸಿಂಗ್ ಮಾಡಿ, ಮುಂದೆ ಸಮಾಜವಿಜ್ಞಾನವನ್ನು ಕ್ಷೇತ್ರದಲ್ಲಿ ಕಲಿಯಬಹುದು, ಆದರೆ ಚುಚ್ಚುಮದ್ದಿನ ಅಧಿಕಾರವನ್ನು ಕ್ಷೇತ್ರದಲ್ಲಿ ಸಂಪಾದಿಸಲಾಗದು. ಈಗಾಗಲೇ ಬಿ.ಎ., ಬಿ.ಕಾಂ. ಮುಗಿದಿದ್ದರೆ ಹಿಂದಕ್ಕೆ ಹೋಗಿ ನರ್ಸಿಂಗ್ ಓದುವುದಕ್ಕಿಂತ, ಕ್ಷೇತ್ರಕಾರ್ಯವನ್ನು ಗಂಭೀರವಾಗಿ ನಡೆಸುವ ಒಂದು ಎಂ.ಎಸ್.ಡಬ್ಲ್ಯು. ವಿಭಾಗವನ್ನು ಹುಡುಕುವುದು ಮೇಲು.

ಆರೋಗ್ಯ ನಿರೀಕ್ಷಣೆ

ಪ್ಯಾರಾಮೆಡಿಕಲ್ ಮಂಡಳಿಯ ಹೆಲ್ತ್ ಇನ್ಸ್‌ಪೆಕ್ಟರ್ ಡಿಪ್ಲೊಮಾ ಮಾಡಿದವರ ಬಗ್ಗೆ ಇಂಥ ಹೋಲಿಕೆಗಳಲ್ಲಿ ಯಾರೂ ಹೆಚ್ಚು ಬರೆಯುವುದಿಲ್ಲ. ನನ್ನ ಎಣಿಕೆಯಲ್ಲಿ ಇದು ಅನ್ಯಾಯ. ಮಲೇರಿಯಾ, ಸಿಡುಬು, ಕುಟುಂಬ ಯೋಜನೆ ಎಂದು ಒಂದೊಂದು ಕಾರ್ಯಕ್ರಮಕ್ಕೆ ಒಬ್ಬೊಬ್ಬರು ಮನೆಗೆ ಬರುತ್ತಿದ್ದ ಪದ್ಧತಿಯನ್ನು ಒಗ್ಗೂಡಿಸಿ ಬಹೂದ್ದೇಶ ಕಾರ್ಯಕರ್ತರನ್ನು ನೇಮಿಸಬೇಕೆಂದು 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಶಿಫಾರಸು ಮಾಡಿತು. ಮನೆಯ ಗೋಡೆಯ ಮೇಲೆ ಚೌಕ ಹಾಕಿ ಭೇಟಿಯ ತಾರೀಕು ಬರೆದು ಹೋಗುತ್ತಿದ್ದ ಮಲೇರಿಯಾ ಸಿಬ್ಬಂದಿಯನ್ನು ಹಿರಿಯರು ಇಂದಿಗೂ ನೆನೆಸಿಕೊಳ್ಳುತ್ತಾರೆ. ಇಂದಿನ ಆರೋಗ್ಯ ನಿರೀಕ್ಷಣಾಧಿಕಾರಿ ಆ ವಂಶದವರು. ಇವರು ದೇಹಕ್ಕಿಂತ ಮೊದಲು ಜಾಗವನ್ನು ನೋಡುತ್ತಾರೆ: ತೊಟ್ಟಿಯ ಮುಚ್ಚಳ, ಟೆರೇಸಿನ ಮೇಲಿನ ಟೈರು, ಎಳನೀರಿನ ಬುರುಡೆ, ಕುಡಿಯುವ ನೀರಿನ ಪೈಪು ಚರಂಡಿಯೊಳಗೆ ಹಾದುಹೋಗಿರುವ ಜಾಗ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರದಿಂದ ಹತ್ತು ದಿನ ತೆಗೆದುಕೊಳ್ಳುವುದರಿಂದ ವಾರಕ್ಕೊಮ್ಮೆ ನೀರು ಖಾಲಿ ಮಾಡಿಸಿದರೆ ಸಾಕೆಂಬ ಲೆಕ್ಕ ಇವರಿಗೆ ಕರತಲಾಮಲಕ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸುವ ನಿಯಮ ತಂದ ಮೇಲೆ ಈ ಕೆಲಸಕ್ಕೆ ಕಾನೂನಿನ ಹಲ್ಲೂ ಬಂದಿದೆ.

ಇನ್ನೊಂದು ಉಪಯೋಗವೂ ಇದೆ. ಆರೋಗ್ಯ ಸೇವೆಯ ಕ್ಷೇತ್ರ ಕಾರ್ಯಕರ್ತರಲ್ಲಿ ಬಹುಪಾಲು ಮಹಿಳೆಯರು. ಕುಡಿತ, ತಂಬಾಕು, ಗಂಡಸರ ಸಂತಾನಹರಣ ಚಿಕಿತ್ಸೆ, ವಲಸೆ ಕಾರ್ಮಿಕರ ಶೆಡ್ಡುಗಳಲ್ಲಿ ಮಲೇರಿಯಾ, ಇಂಥ ವಿಷಯಗಳಲ್ಲಿ ಸಂಜೆಯ ಹೊತ್ತು ಗಂಡಸರ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡುವ ಗಂಡಸೊಬ್ಬ ಬೇಕಾಗುತ್ತಾನೆ. ಆ ಜಾಗವನ್ನು ಬಹುಮಟ್ಟಿಗೆ ತುಂಬಿದವರು ಇವರು. ಆದರೆ ‘ಇನ್ಸ್‌ಪೆಕ್ಟರ್’ ಎಂಬ ಪದದ ಗತ್ತು ತಲೆಗೇರಿದರೆ ಜನ ತೊಟ್ಟಿಯ ಮುಚ್ಚಳ ತೆಗೆದು ತೋರಿಸುವುದನ್ನೇ ನಿಲ್ಲಿಸುತ್ತಾರೆ.

ಹೇಳುವವರು ಮತ್ತು ಎಣಿಸುವವರು

ತಾಲ್ಲೂಕು ಮಟ್ಟದ ಕ್ಷೇತ್ರ ಆರೋಗ್ಯ ಶಿಕ್ಷಣಾಧಿಕಾರಿಗಳ ಹುದ್ದೆ ಸಂವಹನವನ್ನೇ ವೃತ್ತಿಯಾಗಿ ನೋಡುವವರದು. ತಮಿಳುನಾಡಿನ ಗಾಂಧಿಗ್ರಾಮದ ಗ್ರಾಮೀಣ ಆರೋಗ್ಯ ಸಂಸ್ಥೆ ಆರೋಗ್ಯ ಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾಕ್ಕೆ ದಶಕಗಳಿಂದ ಹೆಸರಾದದ್ದು. ಪತ್ರಿಕೋದ್ಯಮ ಓದಿದವರೂ ಈಚೆಗೆ ಸ್ವಯಂಸೇವಾ ಸಂಸ್ಥೆಗಳ ಮೂಲಕ ಈ ಕಡೆ ಬರುತ್ತಿದ್ದಾರೆ. ಕರಪತ್ರ ಬರೆಯುವುದು ಸುಲಭ ಎಂದುಕೊಂಡವರು ಒಮ್ಮೆ ‘ರಕ್ತಹೀನತೆ’ ಎಂಬ ಪದವನ್ನು ರಾಯಚೂರಿನಲ್ಲೂ ಕೊಡಗಿನಲ್ಲೂ ಹೇಳಿ ನೋಡಬೇಕು. ಎರಡೂ ಕಡೆ ಎದುರಿಗಿದ್ದವರು ತಲೆಯಾಡಿಸುತ್ತಾರೆ, ಎರಡೂ ಕಡೆ ಅರ್ಥವಾಗಿರುವುದು ಬೇರೆಯೇ ಇರುತ್ತದೆ. ಈ ಹುದ್ದೆಗಳ ಸಂಖ್ಯೆ ಕಡಿಮೆ. ಇದನ್ನೇ ನಂಬಿಕೊಂಡು ಕೋರ್ಸು ಆರಿಸುವಂತೆ ಯಾರಿಗೂ ಸಲಹೆ ಕೊಡಲಾರೆ. ಬೇರೆ ಹಿನ್ನೆಲೆಯವರು ಮೇಲಿನಿಂದ ಸೇರಿಸಿಕೊಳ್ಳಬಹುದಾದ ಕೌಶಲ ಇದು.

ಎಂ.ಪಿ.ಎಚ್. ಬಗ್ಗೆ ಈಗ ಇರುವ ಉತ್ಸಾಹಕ್ಕೆ ಸ್ವಲ್ಪ ತಣ್ಣೀರು ಎರಚಬೇಕಾಗಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಮಣಿಪಾಲ ಮುಂತಾದ ಕಡೆ ಎರಡು ವರ್ಷದ ಈ ಕೋರ್ಸನ್ನು ವೈದ್ಯರು, ದಂತವೈದ್ಯರು, ನರ್ಸುಗಳು, ವಿಜ್ಞಾನ ಪದವೀಧರರು ಒಂದೇ ಬೆಂಚಿನಲ್ಲಿ ಕೂತು ಓದುತ್ತಾರೆ. ರೋಗಪ್ರಸರಣ ಶಾಸ್ತ್ರ, ಸಂಖ್ಯಾಶಾಸ್ತ್ರ, ಯೋಜನೆ, ಆರೋಗ್ಯ ಅರ್ಥಶಾಸ್ತ್ರ ಇವು ನಿಜಕ್ಕೂ ಬೇಕಾದ ವಿದ್ಯೆಗಳು. ಆದರೆ ಎಂ.ಪಿ.ಎಚ್. ಮನೆಬಾಗಿಲಿಗೆ ಕರೆದೊಯ್ಯುವ ಓದಲ್ಲ, ಮೇಜಿಗೆ ಕರೆದೊಯ್ಯುವ ಓದು. ಜಿಲ್ಲಾ ಕಾರ್ಯಕ್ರಮ ವ್ಯವಸ್ಥಾಪಕರು, ಸಮೀಕ್ಷಾ ಘಟಕದವರು, ಸಂಶೋಧನಾ ಸಂಸ್ಥೆಯವರು ಇದರ ಫಲ. ಡಿಗ್ರಿ ಮುಗಿದ ಕೂಡಲೇ ನೇರವಾಗಿ ಎಂ.ಪಿ.ಎಚ್. ಮಾಡಿದವರು ಎಕ್ಸೆಲ್ ಹಾಳೆಯ ಖಾಲಿ ಚೌಕವನ್ನು ಕೆಲಸ ಮಾಡದ ಸಿಸ್ಟರ್ ಎಂದು ಓದುತ್ತಾರೆ. ಎರಡು ಮೂರು ವರ್ಷ ಕ್ಷೇತ್ರದಲ್ಲಿದ್ದು ಆಮೇಲೆ ಓದಿದವರಿಗೆ ಅದೇ ಚೌಕ, ಆ ವಾರ ಹೊಳೆ ತುಂಬಿ ದಾಟಲಾಗಲಿಲ್ಲ ಎಂದು ಹೇಳುತ್ತದೆ. ಅದಕ್ಕಾಗಿ ಎಂ.ಪಿ.ಎಚ್. ಮಾಡಿ, ಆದರೆ ಎರಡನೆಯ ಓದಾಗಿ ಮಾಡಿ.

ಎಂ.ಬಿ.ಬಿ.ಎಸ್. ನಂತರ ಸಮುದಾಯ ವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡುವ ದಾರಿ ಉದ್ದವಾದದ್ದು, ಅದನ್ನು ಆರಿಸುವವರಿಗೆ ಈ ಬರಹದ ಅಗತ್ಯವಿಲ್ಲ. ವೈದ್ಯರೇ ಹಳ್ಳಿಯ ಕೆಲಸವನ್ನು ಕಟ್ಟಿದ ದೊಡ್ಡ ಉದಾಹರಣೆಗಳು ನಮ್ಮಲ್ಲೇ ಇವೆ: ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಡಾ. ಎಚ್. ಸುದರ್ಶನ್, 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಆರಂಭಿಸಿ ಹೆಗ್ಗಡದೇವನಕೋಟೆಯಲ್ಲಿ ಕೆಲಸ ಮಾಡಿದ ಡಾ. ಆರ್. ಬಾಲಸುಬ್ರಹ್ಮಣ್ಯಂ. ಎರಡೂ ಕಡೆ ಆರೋಗ್ಯದ ಕೆಲಸ ಶಾಲೆ, ಜೀವನೋಪಾಯ, ಹಕ್ಕುಗಳ ಕಡೆಗೂ ಹರಡಿಕೊಂಡಿತು ಎಂಬುದನ್ನು ಗಮನಿಸಬೇಕು.

ದಂತವೈದ್ಯರನ್ನೂ ಪಶುವೈದ್ಯರನ್ನೂ ಈ ಪಟ್ಟಿಯಲ್ಲಿ ಸಾಮಾನ್ಯವಾಗಿ ಯಾರೂ ಸೇರಿಸುವುದಿಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನಲ್ಲಿ ಶಾಲಾ ಮಕ್ಕಳ ಹಲ್ಲಿನ ಕಂದು ಪಟ್ಟೆಯೇ ಮೊದಲ ಸುಳಿವು. ಸಾರ್ವಜನಿಕ ದಂತ ಆರೋಗ್ಯ ಓದಿದವರು ಅದನ್ನು ಸಾಲಾಗಿ ನಿಲ್ಲಿಸಿದ ಮಕ್ಕಳಲ್ಲಿ ಕೆಲವೇ ನಿಮಿಷಗಳಲ್ಲಿ ಗುರುತಿಸುತ್ತಾರೆ. ಮಲೆನಾಡಿನ ಮಂಗನ ಕಾಯಿಲೆಯ ಉದಾಹರಣೆ ಇನ್ನೂ ಸ್ಪಷ್ಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಮನುಷ್ಯರಿಗೆ ಜ್ವರ ಬರುವ ಮೊದಲೇ ಕಾಡಿನಲ್ಲಿ ಮಂಗಗಳು ಸಾಯತೊಡಗುತ್ತವೆ. ಸತ್ತ ಮಂಗದ ಸುದ್ದಿ ಯಾರಿಗೆ ಮೊದಲು ಮುಟ್ಟಬೇಕು, ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರು ಮೈಗೆ ಯಾವ ತೈಲ ಹಚ್ಚಬೇಕು, ಮೇಯಲು ಹೋದ ದನಗಳ ಮೈಮೇಲೆ ಉಣುಗು ಮನೆಗೆ ಬಾರದಂತೆ ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಪಶುವೈದ್ಯಕೀಯ ಹಿನ್ನೆಲೆಯವರಷ್ಟು ಖಚಿತವಾಗಿ ಉತ್ತರಿಸುವವರು ಕಡಿಮೆ. ಆಯುರ್ವೇದ ಪದವೀಧರರ ವಿಷಯ ಬೇಗ ಮುಗಿಸುತ್ತೇನೆ: ಹಲವು ರಾಜ್ಯಗಳಲ್ಲಿ ಸಿ.ಎಚ್.ಒ. ಹುದ್ದೆಗೆ ಅವರಿಗೂ ಅವಕಾಶವಿದೆ, ಜನರ ಜೊತೆ ಆಹಾರ ಪಥ್ಯದ ಭಾಷೆಯಲ್ಲಿ ಮಾತಾಡುವುದು ಅವರಿಗೆ ಸಲೀಸು, ಆದರೆ ಕ್ಲಿನಿಕ್ ತೆರೆಯುವ ಆಸೆಯನ್ನು ಬದಿಗಿಟ್ಟು ಬರುವವರು ವಿರಳ.

ಪದವಿಯಿಲ್ಲದ ಹಿನ್ನೆಲೆ

ಇಷ್ಟೆಲ್ಲ ಕೋರ್ಸುಗಳ ನಡುವೆ, ಯಾವ ಕೋರ್ಸೂ ಕೊಡಲಾಗದ ಒಂದು ಹಿನ್ನೆಲೆಯಿದೆ: ಆ ಊರಿನವರಾಗಿರುವುದು, ಆ ಬದುಕನ್ನು ಬದುಕಿರುವುದು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಯೋಜನೆ ಈ ಹಿನ್ನೆಲೆಯನ್ನೇ ಅರ್ಹತೆಯನ್ನಾಗಿ ಮಾಡಿತು. ಅದೇ ಊರಿನ ಸೊಸೆಯೋ ಮಗಳೋ ಆಗಿದ್ದು ಅಲ್ಲೇ ನೆಲೆಸಿರಬೇಕೆಂಬುದು ಆಯ್ಕೆಯ ಮುಖ್ಯ ಷರತ್ತು. ರಾಜ್ಯದಲ್ಲಿ ಇಂದು 40,000ಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿದ್ದಾರೆ. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳನ್ನು ಗೌರವಿಸಿತು. ಗೌರವ ಜಿನೀವಾದಿಂದ ಬಂದರೂ ಕೈಗೆ ಬರುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ ಎಂಬುದನ್ನು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಮತ್ತೆ ಮತ್ತೆ ಕೂತು ನೆನಪಿಸಬೇಕಾಗಿದೆ. ಓದು ಮುಂದುವರಿಸಬಲ್ಲ ಹೆಣ್ಣುಮಕ್ಕಳಿಗೆ ‘ಆಶಾ ಆಗು’ ಎಂದು ಸಲಹೆ ಕೊಡುವವರು ಈ ಮಾತನ್ನೂ ಜೊತೆಗೆ ಹೇಳಬೇಕು.

ಎಚ್.ಐ.ವಿ. ತಡೆಯ ಕೆಲಸದಲ್ಲಿ ಇದೇ ತತ್ವ ಇನ್ನೂ ಮುಂದಕ್ಕೆ ಹೋಯಿತು. ಮೈಸೂರಿನ ಆಶೋದಯ ಸಮಿತಿ ಲೈಂಗಿಕ ವೃತ್ತಿಯಲ್ಲಿರುವವರೇ ಕಟ್ಟಿಕೊಂಡ ಸಂಘಟನೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿಯಲ್ಲಿ ಲೈಂಗಿಕ ವೃತ್ತಿಯಲ್ಲಿರುವ ಸುಮಾರು 60 ಮಹಿಳೆಯರಿಗೆ ಅದೇ ಸಮುದಾಯದ ಒಬ್ಬ ಪೀರ್ ಎಜುಕೇಟರ್ ಇರಬೇಕೆಂದಿದೆ. ಬಸ್ ನಿಲ್ದಾಣದಲ್ಲಿ ರಾತ್ರಿ ಹತ್ತು ಗಂಟೆಗೆ ಯಾರು ಎಲ್ಲಿ ನಿಂತಿರುತ್ತಾರೆ, ಪೊಲೀಸರು ಯಾವಾಗ ಬರುತ್ತಾರೆ, ಯಾವ ಮಾತಿನಿಂದ ಆರಂಭಿಸಿದರೆ ಎದುರಿನವರು ಎದ್ದು ಹೋಗುವುದಿಲ್ಲ ಎಂಬ ಜ್ಞಾನಕ್ಕೆ ಯಾವ ವಿಶ್ವವಿದ್ಯಾಲಯದಲ್ಲೂ ಪತ್ರಿಕೆಯಿಲ್ಲ. ಕ್ಷಯ ಗುಣವಾದವರನ್ನು ಈಗ ‘ಟಿ.ಬಿ. ಚಾಂಪಿಯನ್’ ಎಂದು ಕರೆದು ಮನೆ ಭೇಟಿಗೆ ಕರೆದೊಯ್ಯುವುದೂ ಇದೇ ಕಾರಣಕ್ಕೆ. ಆರಂಭದ ಗಾರೆ ಕೆಲಸದವನ ಮನೆಗೆ ಅಂಥವರೊಬ್ಬರು ಹೋಗಿ, ‘ನನಗೂ ಎರಡನೇ ತಿಂಗಳಲ್ಲಿ ವಾಸಿಯಾಯಿತು ಅನ್ನಿಸಿತ್ತು’ ಎಂದರೆ ಉಳಿದ ನಾಲ್ವರ ಪ್ರಶ್ನೆಗಳಿಗೆ ದಾರಿ ತೆರೆದುಕೊಳ್ಳುತ್ತದೆ.

ಅರ್ಜಿ ಹಾಕುವ ಮೊದಲು

ಕೋರ್ಸಿನ ಹೆಸರಿಗಿಂತ ಹುದ್ದೆಯ ಅಧಿಸೂಚನೆಯನ್ನು ಮೊದಲು ಓದುವ ಅಭ್ಯಾಸ ಒಳ್ಳೆಯದು. ಕ್ಷಯರೋಗ ಕಾರ್ಯಕ್ರಮದ ಹಿರಿಯ ಚಿಕಿತ್ಸಾ ಮೇಲ್ವಿಚಾರಕರ ಹುದ್ದೆಯನ್ನೇ ನೋಡಿ: ಪದವಿ ಅಥವಾ ಸ್ಯಾನಿಟರಿ ಇನ್ಸ್‌ಪೆಕ್ಟರ್ ಕೋರ್ಸು, ಕಂಪ್ಯೂಟರ್ ಸರ್ಟಿಫಿಕೇಟ್, ಇವುಗಳ ಸಾಲಿನಲ್ಲೇ ಕಡ್ಡಾಯ ಅರ್ಹತೆಯಾಗಿ ದ್ವಿಚಕ್ರ ವಾಹನದ ಪರವಾನಗಿ. ಹತ್ತಾರು ಹಳ್ಳಿ ಸುತ್ತಬೇಕಾದ ಕೆಲಸದ ನಿಜರೂಪ ಆ ಒಂದು ಸಾಲಿನಲ್ಲಿದೆ. ನರ್ಸಿಂಗ್ ಸೇರುವ ಹುಡುಗಿಗೆ ಬೈಕ್ ಕಲಿಸಲು ಹಿಂಜರಿಯುವ ಮನೆಗಳು ಆ ಹಿಂಜರಿಕೆಯನ್ನು ಈಗಲೇ ಬಿಡುವುದು ಲೇಸು. ಭಾಷೆಯ ಪ್ರಶ್ನೆಯೂ ಇದೇ ಬಗೆಯದು: ಕಲಬುರಗಿಯಲ್ಲಿ ಉರ್ದು, ಬಳ್ಳಾರಿ ಗಡಿಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಹಿಂದಿಯೂ ಒಡಿಯಾವೂ ಬೇಕಾಗುತ್ತವೆ. ಎರಡನೆಯ ಭಾಷೆ ಮನೆಯಿಂದಲೇ ಬಂದಿದ್ದರೆ ಅದನ್ನು ಅರ್ಜಿಯಲ್ಲಿ ಕೊನೆಯ ಸಾಲಿನಲ್ಲಿ ಬರೆಯಬೇಡಿ.

ಕಾಯಂ ನೌಕರಿಯೇ ಮನೆಯ ಮೊದಲ ಅಗತ್ಯವಾಗಿದ್ದರೆ ಎ.ಎನ್.ಎಂ. ಮತ್ತು ಆರೋಗ್ಯ ನಿರೀಕ್ಷಣೆಯ ಡಿಪ್ಲೊಮಾಗಳನ್ನು ಪದವಿಗಿಂತ ಕಡಿಮೆಯೆಂದು ತಳ್ಳಿಹಾಕಬಾರದು. ನೇಮಕಾತಿ ವರ್ಷಗಟ್ಟಲೆ ತಡವಾಗಬಹುದು, ಆದರೆ ಹುದ್ದೆಗಳು ಇಲಾಖೆಯ ಮಂಜೂರಾತಿಯಲ್ಲಿವೆ. ಗುತ್ತಿಗೆಯ ಅನಿಶ್ಚಿತತೆಯನ್ನು ತಡೆದುಕೊಳ್ಳಬಲ್ಲವರಿಗೆ ಸಿ.ಎಚ್.ಒ. ಮತ್ತು ಸಮಾಜಕಾರ್ಯದ ಕೆಲಸಗಳು ಕಲಿಕೆಯ ದೃಷ್ಟಿಯಿಂದ ಹೆಚ್ಚು ಕೊಡುತ್ತವೆ.

ಇನ್ನೂ ತೀರ್ಮಾನವಾಗದಿದ್ದರೆ ಒಂದು ಗುರುವಾರ ನಿಮ್ಮ ಊರಿನ ಅಂಗನವಾಡಿಗೆ ಲಸಿಕೆಯ ಹೊತ್ತಿಗೆ ಹೋಗಿ, ವೈದ್ಯಾಧಿಕಾರಿಯ ಅನುಮತಿ ಪಡೆದು, ಮಧ್ಯಾಹ್ನದವರೆಗೆ ಮೂಲೆಯಲ್ಲಿ ಕೂತು ನೋಡಿ. ಸಿಸ್ಟರ್ ಸೂಜಿ ಹಾಕುವಾಗ ನಿಮ್ಮ ಕಣ್ಣು ಅವರ ಕೈಯ ಮೇಲಿತ್ತೋ, ಬಾಗಿಲ ಹೊರಗೆ ನಿಂತು ಒಳಗೆ ಬಾರದ ಅಜ್ಜಿಯ ಮೇಲಿತ್ತೋ, ಅಂಗಳದ ಮೂಲೆಯ ಮುಚ್ಚದ ತೊಟ್ಟಿಯ ಮೇಲಿತ್ತೋ, ಅಥವಾ ಪಟ್ಟಿಯಲ್ಲಿ ಬರದೆ ಉಳಿದ ಮಕ್ಕಳ ಹೆಸರುಗಳ ಮೇಲಿತ್ತೋ ಎಂದು ಮನೆಗೆ ಬಂದ ಮೇಲೆ ಬರೆದಿಟ್ಟುಕೊಳ್ಳಿ. ಕಾಲೇಜಿನ ಶುಲ್ಕ ಕಟ್ಟುವುದು ಅದರ ನಂತರವಿರಲಿ.